ಬ್ಲೈಂಡ್ ಬಾಕ್ಸ್ ಮಿನಿ ಕೊಳ್ಳುವವರಿಗೆ: ಡಬ್ಬಿ ಯಾವಾಗ, ಬಿಡಿ ಗೊಂಬೆ ಯಾವಾಗ

ಡಂಜನ್ಸ್ ಅಂಡ್ ಡ್ರಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಅನ್ನುವ, ಪಾತ್ರ ವಹಿಸಿ ಕಥೆ ಕಟ್ಟುವ ಆಟ ಆಡಿಸುವವರ ಮೇಜಿನ ಮೇಲೆ ಮೊದಮೊದಲು ಇರುವುದು ನಾಣ್ಯ, ಅಂಗಿಯ ಗುಂಡಿ, ಚೆಸ್ ಕಾಯಿ. "ಈ ಎರಡು ರೂಪಾಯಿ ಗಾಬ್ಲಿನ್, ಆ ಆನೆ ಓಗರ್" ಅಂತ ಕಥೆಯ ದುಷ್ಟ ಜೀವಿಗಳ ಹೆಸರು ಹೇಳಿಕೊಂಡು ಆಟ ನಡೆಯುತ್ತದೆ. ಚೆನ್ನಾಗಿಯೇ ನಡೆಯುತ್ತದೆ. ಆದರೂ ಒಂದಲ್ಲ ಒಂದು ದಿನ ನಿಜವಾದ ಮಿನಿಗಳು, ಅಂದರೆ ಪಾತ್ರಗಳ ಪುಟ್ಟ ಗೊಂಬೆಗಳು ಬೇಕು ಅನ್ನಿಸುತ್ತದೆ. ಬಣ್ಣ ಬಳಿಯಲು ಪುರುಸೊತ್ತಿಲ್ಲ, ಕುಂಚ ಹಿಡಿದು ಅಭ್ಯಾಸವೂ ಇಲ್ಲ. ಆಗ ಕಣ್ಣಿಗೆ ಬೀಳುವುದು ಮೊದಲೇ ಬಣ್ಣ ಹಚ್ಚಿದ, ಒಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗದ ಆ ರಟ್ಟಿನ ಡಬ್ಬಿಗಳು, ಬ್ಲೈಂಡ್ ಬಾಕ್ಸ್ ಅನ್ನುವುದು ಇವನ್ನೇ. ಈ ಬರಹ ಅವುಗಳನ್ನು ಕೊಳ್ಳುವ ಬಗ್ಗೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಿನಿಗಳ ದಾಸ್ತಾನೇ ಇಲ್ಲದವರು ಒಂದಷ್ಟು ತರಹೇವಾರಿ ಜೀವಿಗಳನ್ನು ಕೂಡಿಸಿಕೊಳ್ಳಲು ಡಬ್ಬಿ ಒಳ್ಳೆಯದು. ಒಂದು ನಿರ್ದಿಷ್ಟ ಗೊಂಬೆ ಬೇಕು ಅಂತ ಡಬ್ಬಿ ಮೇಲೆ ಡಬ್ಬಿ ಕೊಳ್ಳುವುದು ದುಡ್ಡು ಹಾಳು. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಡಬ್ಬಿಯ ಲೋಕ, ಸ್ವಲ್ಪ ಹಿನ್ನೆಲೆ

ಬಣ್ಣ ಹಚ್ಚಿದ ಪ್ಲಾಸ್ಟಿಕ್ ಮಿನಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮಾರುವುದನ್ನು ದೊಡ್ಡ ಮಟ್ಟಕ್ಕೆ ತಂದದ್ದು ಅಮೆರಿಕದ ವಿಜ್‌ಕಿಡ್ಸ್ ಕಂಪನಿ. ಜೋರ್ಡನ್ ವೈಸ್‌ಮನ್ ಕಟ್ಟಿದ ಈ ಕಂಪನಿ 2000ದಲ್ಲಿ ಮೇಜ್ ನೈಟ್ ಆಟವನ್ನೂ 2002ರಲ್ಲಿ ಹೀರೋಕ್ಲಿಕ್ಸ್ ಆಟವನ್ನೂ ಬಿಟ್ಟಿತು. ಅದರ ಯಶಸ್ಸು ಕಂಡು, ಡಿ ಅಂಡ್ ಡಿ ಹೊರತರುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 2003ರಲ್ಲಿ ತನ್ನದೇ ಡಿ ಅಂಡ್ ಡಿ ಮಿನಿಯೇಚರ್ಸ್ ಸಾಲನ್ನು ಶುರುಮಾಡಿತು. ಮೊದಲ ಸೆಟ್ ಹಾರ್ಬಿಂಜರ್. ಅದರಲ್ಲಿ 80 ಗೊಂಬೆಗಳು, ಬೂಸ್ಟರ್ ಅನ್ನುವ ಒಂದು ಮುಚ್ಚಿದ ಡಬ್ಬಿಗೆ 8. ಹಳಬರು ಈಗಲೂ ಡಿಡಿಎಂ ಅಂತ ಕರೆಯುವುದು ಇದನ್ನೇ. 2004ರ ಜೈಂಟ್ಸ್ ಆಫ್ ಲೆಜೆಂಡ್ ಸೆಟ್‌ನ ಡಬ್ಬಿಗಳಲ್ಲಿ ಒಂದೊಂದು ದೈತ್ಯ ಗಾತ್ರದ ಗೊಂಬೆಯೂ ಇರುತ್ತಿತ್ತು. ಆ ಕಾಲದ ಡಬ್ಬಿಯಲ್ಲಿ ಕೊಟ್ಟ ದುಡ್ಡಿಗೆ ಸಿಗುತ್ತಿದ್ದ ಪ್ಲಾಸ್ಟಿಕ್ಕನ್ನು ಇವತ್ತಿನ ಡಬ್ಬಿಯ ಜೊತೆ ಹೋಲಿಸಿದರೆ ಬೇಜಾರಾಗುತ್ತದೆ.

ಆ ಸಾಲು ನಿಂತ ಮೇಲೆ ಮತ್ತೆ ವಿಜ್‌ಕಿಡ್ಸ್ ಬಂತು. ಅಷ್ಟು ಹೊತ್ತಿಗೆ ಅದನ್ನು ನೆಕಾ ಕಂಪನಿ ಕೊಂಡಿತ್ತು. ಪೈಜೋ ಕಂಪನಿಯ ಜೊತೆ ಸೇರಿ, ಅದರ ಇನ್ನೊಂದು ಕಥೆಯಾಟದ ಹೆಸರಲ್ಲಿ ಪಾತ್‌ಫೈಂಡರ್ ಬ್ಯಾಟಲ್ಸ್ ಸಾಲು ಬಂತು. 2014ರಲ್ಲಿ ಟಿರನಿ ಆಫ್ ಡ್ರಾಗನ್ಸ್ ಸೆಟ್‌ನಿಂದ ಡಿ ಅಂಡ್ ಡಿ ಐಕಾನ್ಸ್ ಆಫ್ ದ ರೆಲ್ಮ್ಸ್ ಶುರುವಾಯಿತು. ಇವತ್ತು ಅಂಗಡಿಯಲ್ಲಿ ಬ್ಲೈಂಡ್ ಬಾಕ್ಸ್ ಅಂತ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ ಐಕಾನ್ಸ್.

ಇಷ್ಟು ಇತಿಹಾಸ ಯಾಕೆ ಹೇಳಿದೆ ಅಂದರೆ, ಈ ಎಲ್ಲ ಸಾಲುಗಳ ಗೊಂಬೆಗಳೂ ಒಂದೇ ಮೇಜಿನ ಮೇಲೆ ಹೊಂದುತ್ತವೆ. ಆಟದ ನಕ್ಷೆಯಲ್ಲಿ ಒಂದು ಚೌಕ ಅಂದರೆ ಒಂದು ಇಂಚು, ಕಥೆಯಲ್ಲಿ ಐದು ಅಡಿ. ಮನುಷ್ಯ ಗಾತ್ರದ ಗೊಂಬೆಗೆ ಒಂದು ಇಂಚಿನ ಪೀಠ, ಓಗರ್‌ನಂಥ ಲಾರ್ಜ್ ಗೊಂಬೆಗೆ ಎರಡು, ಹ್ಯೂಜ್‌ಗೆ ಮೂರು, ಗಾರ್ಗಾಂಟುವನ್‌ಗೆ ನಾಲ್ಕು. 2004ರ ಗೊಂಬೆ ಇವತ್ತಿನ ಗೊಂಬೆಗಿಂತ ಚೂರು ಕುಳ್ಳಗೆ, ಸ್ವಲ್ಪ ಮೊದ್ದಾಗಿ ಕಾಣಬಹುದು. ಆಡುವಾಗ ಯಾರೂ ಗಮನಿಸುವುದಿಲ್ಲ. ಹಾಗಾಗಿ ಹೊಸ ಸೆಟ್ಟೇ ಬೇಕು ಅಂತ ಹಟ ಹಿಡಿಯಬೇಡಿ. ಹಳೆಯ ಪಾತ್‌ಫೈಂಡರ್ ಅಸ್ಥಿಪಂಜರ ಡಿ ಅಂಡ್ ಡಿ ಗುಹೆಯಲ್ಲೂ ಅಸ್ಥಿಪಂಜರವೇ.

ಬೂಸ್ಟರ್, ಬ್ರಿಕ್, ಕೇಸ್

ಐಕಾನ್ಸ್‌ನ ಒಂದು ಬೂಸ್ಟರ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಗೊಂಬೆ. ಹೆಚ್ಚಿನ ಡಬ್ಬಿಗಳಲ್ಲಿ ಒಂದು ಲಾರ್ಜ್, ಮೂರು ಚಿಕ್ಕವು. ಎಂಟು ಬೂಸ್ಟರ್ ಸೇರಿದರೆ ಒಂದು ಬ್ರಿಕ್. ನಾಲ್ಕು ಬ್ರಿಕ್ ಸೇರಿದರೆ ಒಂದು ಕೇಸ್, ಅಂದರೆ 32 ಬೂಸ್ಟರ್. ಪ್ರತಿ ಗೊಂಬೆಗೂ ಕಾಮನ್, ಅನ್‌ಕಾಮನ್, ರೇರ್ ಅಂತ ಒಂದು ದರ್ಜೆ. ಹಳೆಯ ಡಿಡಿಎಂ ಗೊಂಬೆಯ ಪೀಠದ ತಳ ತಿರುಗಿಸಿ ನೋಡಿದರೆ ಹೆಸರು, ಸೆಟ್‌ನಲ್ಲಿ ಅದರ ನಂಬರ್, ಜೊತೆಗೆ ಒಂದು ಚಿಹ್ನೆ ಇರುತ್ತದೆ. ವೃತ್ತ ಇದ್ದರೆ ಕಾಮನ್, ವಜ್ರಾಕಾರ ಇದ್ದರೆ ಅನ್‌ಕಾಮನ್, ನಕ್ಷತ್ರ ಇದ್ದರೆ ರೇರ್. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಹುಡುಕುವಾಗ ಈ ತಳ ನೋಡುವ ಅಭ್ಯಾಸ ತುಂಬಾ ಕೆಲಸಕ್ಕೆ ಬರುತ್ತದೆ.

ಇಡೀ ಕೇಸ್ ಕೊಳ್ಳುವವರಿಗೆ ಅಂತಲೇ ಕೆಲವು ಸೆಟ್‌ಗಳ ಜೊತೆ ಒಂದು ದೊಡ್ಡ ವಿಶೇಷ ಗೊಂಬೆ ಬಂದದ್ದೂ ಉಂಟು. ಪಾತ್‌ಫೈಂಡರ್ ಬ್ಯಾಟಲ್ಸ್‌ನ ಮೊದಲ ಸೆಟ್ ಹೀರೋಸ್ ಅಂಡ್ ಮಾನ್‌ಸ್ಟರ್ಸ್ ಜೊತೆ ಬಂದದ್ದು ಒಂದು ಕಪ್ಪು ಡ್ರಾಗನ್. ಇದನ್ನು ಕೇಸ್ ಇನ್ಸೆಂಟಿವ್ ಅನ್ನುತ್ತಾರೆ. ಒಂದು ಡ್ರಾಗನ್ ಆಸೆಗೆ ಒಬ್ಬರೇ ಇಡೀ ಕೇಸ್ ಹೊತ್ತು ತರುವುದು ಬೇಡ. ಇಂಥ ಗೊಂಬೆಗಳು ಆಮೇಲೆ ಬಿಡಿಯಾಗಿ ಮಾರಾಟಕ್ಕೆ ಬರುತ್ತವೆ.

ರೇರ್ ಅಂದರೆ ಹೆಚ್ಚು ಉಪಯೋಗ ಅಂತ ಅಲ್ಲ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಹೊಸಬರ ದುಡ್ಡು ಜಾಸ್ತಿ ಹೋಗುವುದು ಇಲ್ಲೇ.

ಡಬ್ಬಿ ತೆರೆದಾಗ ರೇರ್ ಬಂದರೆ ಖುಷಿ, ಕಾಮನ್ ಬಂದರೆ ಮುಖ ಸಣ್ಣದು. ಆದರೆ ನಿಮ್ಮ ಆಟದ ಕಳೆದ ಐದಾರು ಕಾಳಗಗಳನ್ನು ನೆನಪಿಸಿಕೊಳ್ಳಿ. ಯಾರು ಬಂದಿದ್ದರು? ಗಾಬ್ಲಿನ್ ಗುಂಪು, ಊರ ಕಾವಲುಗಾರರು, ಡಕಾಯಿತರು, ತೋಳಗಳು, ಅಸ್ಥಿಪಂಜರಗಳು, ಯಾವುದೋ ಪಂಥದ ನಾಲ್ಕು ಜನ. ಇವೆಲ್ಲ ಬಹುತೇಕ ಕಾಮನ್ ಇಲ್ಲವೇ ಅನ್‌ಕಾಮನ್. ಒಂದು ಗಾಬ್ಲಿನ್ ಇದ್ದರೆ ಸಾಲದು, ಆರು ಬೇಕು. ಕಾಮನ್ ಡೂಪ್ಲಿಕೇಟ್ ಬಂದರೆ ಅದು ನಷ್ಟವಲ್ಲ, ಅಲ್ವಾ? ಆಟ ನಡೆಸುವ ಡಿಎಂಗೆ ಬೇಕಾದದ್ದೇ ಅದು. ಅದೇ ರೇರ್ ಗೊಂಬೆಗಳು ಸಾಮಾನ್ಯವಾಗಿ ಕಥೆಯ ದೊಡ್ಡ ಖಳರು, ಹೆಸರಿರುವ ಪಾತ್ರಗಳು, ವಿಚಿತ್ರ ಮೃಗಗಳು. ಒಮ್ಮೆ ಮೇಜಿಗೆ ಬರುತ್ತವೆ, ಸಾಯುತ್ತವೆ, ಆಮೇಲೆ ಕಪಾಟು ಸೇರುತ್ತವೆ.

ಸಂಗ್ರಹಕ್ಕೆ ಕೊಳ್ಳುವವರ ಲೆಕ್ಕ ಬೇರೆ, ಅವರಿಗೆ ರೇರ್ ಬೇಕೇ ಬೇಕು. ಆಡಿಸಲು ಕೊಳ್ಳುವವರು ನೀವಾದರೆ ಡಬ್ಬಿಯನ್ನು ಅದರ ಕಾಮನ್‌ಗಳ ಪಟ್ಟಿ ನೋಡಿ ಆರಿಸಿ. ಮುಖಪುಟದ ರೇರ್ ನೋಡಿ ಅಲ್ಲ. ಪ್ರತಿ ಸೆಟ್‌ನ ಪೂರ್ತಿ ಪಟ್ಟಿ, ಫೋಟೋ ಸಮೇತ, ಸೆಟ್ ಬಿಡುಗಡೆಯಾದ ಕೂಡಲೇ ಸಿಗುತ್ತದೆ. ಮಿನಿಸ್ ಗ್ಯಾಲರಿ ಅನ್ನುವ ತಾಣ ಇಂಥ ಪಟ್ಟಿಗಳಿಗೆ ಅಂತಲೇ ಇದೆ. ಅಲ್ಲಿ ಕಾಮನ್, ಅನ್‌ಕಾಮನ್‌ಗಳನ್ನು ಮಾತ್ರ ನೋಡುತ್ತಾ ಹೋಗಿ. "ಇದನ್ನು ಮೂರು ಕೊಟ್ಟರೂ ನಾನು ಆಡಿಸುತ್ತೇನೆ" ಅನ್ನಿಸುವ ಗೊಂಬೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಆ ಸೆಟ್ ನಿಮಗೆ ಸರಿ. ಇಲ್ಲದಿದ್ದರೆ ಬಿಟ್ಟುಬಿಡಿ, ರೇರ್‌ಗಳು ಎಷ್ಟೇ ಚೆಂದ ಇರಲಿ.

ಯಾವ ಸೆಟ್?

ಸೆಟ್‌ಗಳ ಹೆಸರೇ ಬಹಳಷ್ಟು ಹೇಳುತ್ತದೆ. ಮಾನ್‌ಸ್ಟರ್ ಮೆನಾಜರಿ ಅಂತ ಮೂರು ಸೆಟ್ ಬಂದಿವೆ, 2016ರಿಂದ 2018ರವರೆಗೆ. ಅವು ಯಾವ ಒಂದು ಕಥೆಗೂ ಕಟ್ಟುಬಿದ್ದಿಲ್ಲ, ಎಲ್ಲ ಬಗೆಯ ಜೀವಿಗಳೂ ಇವೆ. ಶುರುಮಾಡುವವರಿಗೆ ಸಿಕ್ಕರೆ ಇವೇ ಒಳ್ಳೆಯವು. ಈಗ ಹಳೆಯವಾದ್ದರಿಂದ ಮುಚ್ಚಿದ ಡಬ್ಬಿ ಹುಡುಕಬೇಕಾಗುತ್ತದೆ. ಬೋನ್‌ಯಾರ್ಡ್ ಸೆಟ್ ಪೂರ್ತಿ ಸತ್ತವರ ಲೋಕ. ಪಿಶಾಚಿ, ಅಸ್ಥಿಪಂಜರ, ಲಿಚ್ (ಸತ್ತೂ ಬದುಕಿರುವ ಮಾಂತ್ರಿಕ) ಬರುವ ಕಥೆ ನಡೆಸುವವರಿಗೆ ಅದರ ಡಬ್ಬಿಯಲ್ಲಿ ಬೇಡದ ಗೊಂಬೆ ಸಿಗುವುದೇ ಕಡಿಮೆ. ಹಿಮದ ನಾಡಿನ ಸೆಟ್‌ಗಳು ಇವೆ, ಐಸ್‌ವಿಂಡ್ ಡೇಲ್ ಮತ್ತು ಸ್ನೋಬೌಂಡ್. ಮಂಜಿನ ಪ್ರದೇಶದಲ್ಲಿ ಆಟ ನಡೆಯದಿದ್ದರೆ ಆ ಗೊಂಬೆಗಳು ಬೇರೆಡೆ ಅಷ್ಟಾಗಿ ಹೊಂದುವುದಿಲ್ಲ. ರಾವ್ನಿಕಾ ಮತ್ತು ಥೆರೋಸ್ ಸೆಟ್‌ಗಳು ಮ್ಯಾಜಿಕ್ ದ ಗ್ಯಾದರಿಂಗ್ ಕಾರ್ಡ್ ಆಟದ ಲೋಕಗಳಿಂದ ಬಂದವು. ರಾವ್ನಿಕಾದ ಗೊಂಬೆಗಳ ವೇಷಭೂಷಣ ಬಹಳ ವಿಶಿಷ್ಟ. ಸಾದಾ ಹಳ್ಳಿ, ಕಾಡು, ಗುಹೆ ಕಥೆಗೆ ಅವನ್ನು ತಂದರೆ ಎದ್ದು ಕಾಣುತ್ತವೆ. ಥೆರೋಸ್ ಗ್ರೀಕ್ ಪುರಾಣದ ಛಾಯೆಯದು. ಅದರ ಮೃಗಗಳು ಎಲ್ಲಿ ಬೇಕಾದರೂ ನಡೆಯುತ್ತವೆ.

ಒಂದು ಅಚ್ಚಾದ ಸಾಹಸಕಥೆಯನ್ನೇ ಆಡಿಸುತ್ತಿದ್ದರೆ ಅದರ ಹೆಸರಿನ ಸೆಟ್ ಕೊಳ್ಳುವ ಆಸೆ ಸಹಜ. ಆದರೆ ಅದರ ಡಬ್ಬಿಗಳಿಂದಲೇ ಆ ಕಥೆಗೆ ಬೇಕಾದ ಎಲ್ಲ ಪಾತ್ರ ಸಿಗುತ್ತವೆ ಅಂದುಕೊಳ್ಳಬೇಡಿ. ಹೆಸರಿರುವ ಮುಖ್ಯ ಪಾತ್ರಗಳು ಬಹುತೇಕ ರೇರ್ ಆಗಿರುತ್ತವೆ. ಅವನ್ನು ಬಿಡಿಯಾಗಿ ತರಿಸಿ, ಗುಂಪಿನ ಜೀವಿಗಳಿಗೆ ಡಬ್ಬಿ ಬಳಸಿ.

ಈಗ ಲೆಕ್ಕ

ನಿಮಗೆ ಒಂದು ಸೆಟ್‌ನ ಒಂದು ರೇರ್ ಬೇಕು ಅಂತ ಇಟ್ಟುಕೊಳ್ಳಿ. ಆ ಸೆಟ್‌ನಲ್ಲಿ 16 ರೇರ್ ಇವೆ, ಪ್ರತಿ ಡಬ್ಬಿಗೂ ಒಂದು ರೇರ್ ಸಿಗುತ್ತದೆ, ಎಲ್ಲಕ್ಕೂ ಸಮಾನ ಅವಕಾಶ ಅಂತಲೂ ಭಾವಿಸೋಣ. ಒಂದು ಡಬ್ಬಿಯಲ್ಲಿ ಅದು ಸಿಗುವ ಸಾಧ್ಯತೆ ಹದಿನಾರಕ್ಕೆ ಒಂದು. ಹಾಗಾದರೆ 16 ಡಬ್ಬಿ ಕೊಂಡರೆ ಸಿಕ್ಕೇ ಸಿಗುತ್ತದೆ ಅಂತ ಮನಸ್ಸು ಹೇಳುತ್ತದೆ. ಹಾಗಲ್ಲ. ಅಲ್ಲಲ್ಲಿಂದ ಬಿಡಿಬಿಡಿಯಾಗಿ ಎಂಟು ಡಬ್ಬಿ ಕೊಂಡರೆ ಸಾಧ್ಯತೆ ಶೇಕಡಾ 40. 16 ಡಬ್ಬಿಗೆ ಶೇಕಡಾ 64. 32 ಡಬ್ಬಿ ಕೊಂಡ ಮೇಲೂ ಶೇಕಡಾ 87. ಅಂದರೆ ಅಷ್ಟು ದುಡ್ಡು ಸುರಿದ ಎಂಟು ಜನರಲ್ಲಿ ಒಬ್ಬರು ಬರಿಗೈಯಲ್ಲಿ ಇರುತ್ತಾರೆ.

ಮುಚ್ಚಿದ ಕೇಸ್‌ನ ಕಥೆ ಇದಕ್ಕಿಂತ ಉತ್ತಮ. ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಜೋಡಿಸುವಾಗ ಒಂದು ಕೇಸ್‌ನಲ್ಲಿ ಗೊಂಬೆಗಳು ಚೆನ್ನಾಗಿ ಹಂಚಿಹೋಗುವಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ಒಂದೇ ಮುಚ್ಚಿದ ಕೇಸ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಸೆಟ್‌ಗೆ ಹತ್ತಿರ ಸಿಗುತ್ತದೆ. ಮುಚ್ಚಿದ ಬ್ರಿಕ್‌ನಲ್ಲೂ ಡೂಪ್ಲಿಕೇಟ್ ರೇರ್ ಕಡಿಮೆ. ಆದರೆ ಅದು ಬರೆದುಕೊಟ್ಟ ಗ್ಯಾರಂಟಿ ಅಲ್ಲ.

ಇನ್ನೊಂದು ಲೆಕ್ಕ ಇನ್ನೂ ಸರಳ. ಡಬ್ಬಿ ಕೊಳ್ಳುವ ಮೊದಲು ಆ ಸೆಟ್‌ನ ಬಿಡಿ ಗೊಂಬೆಗಳ ಬೆಲೆ ನೋಡಿ. ಕಾಮನ್‌ಗಳ ಸರಾಸರಿ ಬೆಲೆ, ಅನ್‌ಕಾಮನ್‌ಗಳ ಸರಾಸರಿ, ರೇರ್‌ಗಳ ಸರಾಸರಿ ಬೇರೆ ಬೇರೆ ತೆಗೆಯಿರಿ. ಒಂದು ಡಬ್ಬಿಯಲ್ಲಿ ಯಾವ ದರ್ಜೆಯದು ಎಷ್ಟು ಬರುತ್ತದೋ ಅಷ್ಟರಿಂದ ಗುಣಿಸಿ ಕೂಡಿ. ಆ ಮೊತ್ತ ಡಬ್ಬಿಯ ಬೆಲೆಗಿಂತ ಕಡಿಮೆ ಬಂದರೆ ಬಿಡಿಯಾಗಿ ಕೊಳ್ಳುವುದೇ ಲಾಭ. ಬಿಡುಗಡೆಯಾಗಿ ಕೆಲವು ತಿಂಗಳು ಕಳೆದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ, ಯಾಕಂದರೆ ಕೇಸ್‌ಗಟ್ಟಲೆ ತೆರೆದು ಮಾರುವ ಅಂಗಡಿಗಳು ಕಾಮನ್‌ಗಳನ್ನು ಖಾಲಿ ಮಾಡಲು ಬೆಲೆ ಇಳಿಸುತ್ತವೆ. ಸಂಗ್ರಹಕಾರರು ಬೆನ್ನು ಹತ್ತಿದ ಒಂದೆರಡು ರೇರ್ ಮಾತ್ರ ಏರುತ್ತಾ ಹೋಗುತ್ತವೆ. ಉಳಿದ ರೇರ್‌ಗಳೂ ನಿಧಾನಕ್ಕೆ ಇಳಿಯುತ್ತವೆ.

ಬಿಡಿ ಗೊಂಬೆ ಕೊಳ್ಳುವಾಗ

ಉದಾಹರಣೆಗೆ ರಾಕ್ಷಸ. ಡಿ ಅಂಡ್ ಡಿಯಲ್ಲಿ ನಮ್ಮ ರಾಕ್ಷಸನಿಗೂ ಜಾಗ ಇದೆ. ಹುಲಿಯ ತಲೆ, ಹಿಂದುಮುಂದಾಗಿ ತಿರುಗಿದ ಅಂಗೈ, ಒಳ್ಳೆಯ ಉಡುಪು, ಸಿಹಿ ಮಾತು. ಇಂಥ ಖಳ ನಿಮ್ಮ ಕಥೆಯಲ್ಲಿ ಬರುವುದಿದ್ದರೆ ಡಬ್ಬಿ ಮುಟ್ಟಲೇಬೇಡಿ. ಹೆಸರು ಹಾಕಿ ಹುಡುಕಿ. ಹಳೆಯದು ಹೊಸದು ಅಂತ ಬೇರೆ ಬೇರೆ ಸೆಟ್‌ಗಳ ಗೊಂಬೆಗಳು ಪಕ್ಕಪಕ್ಕ ಬರುತ್ತವೆ. ಬೆಲೆ, ಚಿತ್ರ ಎರಡನ್ನೂ ನೋಡಿ ಒಂದನ್ನು ತರಿಸಿ. ಮುಗಿಯಿತು.

ಅಮೆರಿಕದಲ್ಲಿ ಇರುವವರಿಗೆ ಇದು ತುಂಬಾ ಸುಲಭ. ಇಬೇ ಇದೆ, ವಿಸ್ಕಾನ್ಸಿನ್‌ನ ನೋಬಲ್ ನೈಟ್ ಗೇಮ್ಸ್‌ನಂಥ ಹಳೆಯ ಆಟದ ಸಾಮಾನು ಮಾರುವ ಅಂಗಡಿಗಳಿವೆ. ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ಬೇಸಿಗೆ ನಡೆಯುವ ಜೆನ್ ಕಾನ್ ಮೇಳಕ್ಕೆ ಹೋದರೆ ಬಿಡಿ ಮಿನಿಗಳನ್ನು ಹರಡಿಕೊಂಡು ಮಾರುವವರು ಸಿಗುತ್ತಾರೆ. ಮೇಳದ ಕೊನೆಯ ದಿನ ಬೆಲೆ ಕೇಳಿ ನೋಡಿ, ಹಿಂದಕ್ಕೆ ಹೊತ್ತೊಯ್ಯುವ ಮನಸ್ಸು ಯಾರಿಗೂ ಇರುವುದಿಲ್ಲ.

ಡಿಡಿಎಂ ಕಾಲದ ಗೊಂಬೆ ಕೊಳ್ಳುವವರಿಗೆ ಒಂದು ಗುಟ್ಟು. ಆ ಗೊಂಬೆಗಳ ಜೊತೆ ಗೊಂಬೆಯ ಶಕ್ತಿಯ ಅಂಕಿಗಳಿರುವ ಒಂದು ಸ್ಟಾಟ್ ಕಾರ್ಡ್ ಬರುತ್ತಿತ್ತು, ಯಾಕಂದರೆ ಅವುಗಳಿಂದ ಆಡುವ ಬೇರೆಯೇ ಒಂದು ಕಾಳಗದ ಆಟ ಇತ್ತು. ಸಂಗ್ರಹಕಾರರಿಗೆ ಕಾರ್ಡ್ ಬೇಕು, ನಿಮಗೆ ಬೇಡ. ಕಾರ್ಡ್ ಇಲ್ಲದ ಗೊಂಬೆ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಕಾರ್ಡ್ ಇಲ್ಲ ಅಂತ ಬೇಡ ಅನ್ನಬೇಡಿ.

ಇನ್ನೂ ಅಗ್ಗದ ದಾರಿ ಬೇಕು ಅನ್ನುವವರು ಮೇಜ್ ನೈಟ್ ನೋಡಿ. ಆ ಆಟ ಸತ್ತು ಕಾಲವಾಯಿತು, ಆದರೆ ಅದರ ಓರ್ಕ್‌ಗಳು, ಸೈನಿಕರು, ಮಾಂತ್ರಿಕರು ರಾಶಿ ಲೆಕ್ಕದಲ್ಲಿ ಮಾರಾಟಕ್ಕೆ ಬರುತ್ತಾರೆ. ತೊಂದರೆ ಒಂದೇ, ಅವರ ಪೀಠ ತಿರುಗುವ ದಪ್ಪ ಡಯಲ್. ಹರಿತವಾದ ಕ್ರಾಫ್ಟ್ ಚಾಕುವಿನಿಂದ ಪಾದದ ಹತ್ತಿರ ನಿಧಾನಕ್ಕೆ ಕತ್ತರಿಸಿ, ಒಂದು ಇಂಚಿನ ವಾಷರ್ ಮೇಲೆ ಸೂಪರ್ ಗ್ಲೂ ಹಾಕಿ ನಿಲ್ಲಿಸಿದರೆ ಆಯಿತು. ವಾಷರ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಭಾರ ಇರುವುದರಿಂದ ಗೊಂಬೆ ಬೀಳುವುದೂ ಇಲ್ಲ. ಚಾಕು ನಿಮ್ಮ ಕಡೆಗೆ ಎಳೆಯಬೇಡಿ, ಹೊರಗಡೆಗೆ ಒತ್ತಿ.

ರಾಶಿ ಕೊಳ್ಳುವಾಗ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕತ್ತಿ, ಈಟಿ, ರೆಕ್ಕೆ ಇವೆಯಾ? ಹಾರುವ ಗೊಂಬೆಗಳಿಗೆ ಕೆಳಗೆ ಪಾರದರ್ಶಕ ಕಡ್ಡಿ ಇರಬೇಕು, ಇದೆಯಾ? ಗೊಂಬೆಯನ್ನು ಪೀಠದಿಂದ ಕಿತ್ತು ಮತ್ತೆ ಅಂಟಿಸಿದ ಗುರುತು ಕಾಣುತ್ತದೆಯಾ? ಫೋಟೋದಲ್ಲಿ ಇದೆಲ್ಲ ಸ್ಪಷ್ಟವಾಗಿ ತಿಳಿಯದಿದ್ದರೆ ಮಾರುವವರನ್ನು ಕೇಳಿ, ಇನ್ನೊಂದು ಫೋಟೋ ಕಳಿಸಲು ಹೇಳಿ. ಕಳಿಸಲು ಒಪ್ಪದವರ ಹತ್ತಿರ ಕೊಳ್ಳದಿರುವುದೇ ಒಳ್ಳೆಯದು.

ಮುಚ್ಚಿದ ಡಬ್ಬಿ ನಿಜವಾಗಿಯೂ ಮುಚ್ಚಿದೆಯಾ?

ಅಂಗಡಿಯಲ್ಲಿ ಅರ್ಧ ಖಾಲಿಯಾದ ಬ್ರಿಕ್‌ನಿಂದ ಬಿಡಿ ಬೂಸ್ಟರ್ ತೆಗೆದುಕೊಳ್ಳುವಾಗ ಒಂದು ಅಪಾಯ ಇದೆ. ಕೆಲವರು ಡಬ್ಬಿಗಳನ್ನು ತೂಗಿ ನೋಡುತ್ತಾರೆ, ಅಲುಗಾಡಿಸಿ ನೋಡುತ್ತಾರೆ. ಒಂದು ಬ್ರಿಕ್‌ನಲ್ಲಿ ಯಾವ ಸ್ಥಾನದಲ್ಲಿ ಯಾವುದು ಇರುತ್ತದೆ ಅಂತ ಲೆಕ್ಕ ಹಾಕುವವರೂ ಇದ್ದಾರೆ. ಭಾರದ ಡಬ್ಬಿಗಳು ಮೊದಲೇ ಹೋಗಿರಬಹುದು. ಒಂದೆರಡು ಬಿಡಿ ಡಬ್ಬಿ ಮಾತ್ರ ಬೇಕಿದ್ದರೆ ನಿಮ್ಮೆದುರೇ ಹೊಸ ಬ್ರಿಕ್ ಒಡೆಯಲು ಕೇಳಿ. ಸ್ನೇಹದ ಅಂಗಡಿಯವರು ಒಪ್ಪುತ್ತಾರೆ.

ಆನ್‌ಲೈನ್‌ನಲ್ಲಿ ಗೊತ್ತಿಲ್ಲದವರಿಂದ ಬಿಡಿ ಬೂಸ್ಟರ್ ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ರೇರ್‌ಗಳು ಆಗಲೇ ಸಿಕ್ಕಿರುವ ಕೇಸ್‌ನ ಉಳಿದ ಡಬ್ಬಿಗಳನ್ನು ಮಾರುತ್ತಿದ್ದರೆ ನಿಮಗೆ ತಿಳಿಯುವ ದಾರಿಯೇ ಇಲ್ಲ. ಅಂಚಿನಲ್ಲಿ ಅಂಟು ಜಾಸ್ತಿ ಕಂಡರೆ, ಮುಚ್ಚಳದ ಮಡಿಕೆ ಹರಿದಿದ್ದರೆ ವಾಪಸ್ ಕೊಡಿ. ಡಬ್ಬಿ ಬೇಕೇ ಬೇಕಿದ್ದರೆ ಮುಚ್ಚಿದ ಬ್ರಿಕ್ ಕೊಳ್ಳಿ, ಪ್ಲಾಸ್ಟಿಕ್ ಹೊದಿಕೆ ಸಮೇತ.

ಸೇರಿ ಕೊಳ್ಳುವುದು

ಬ್ರಿಕ್ ಆಗಲಿ ಕೇಸ್ ಆಗಲಿ, ನಾಲ್ಕೈದು ಜನ ಸೇರಿ ಕೊಂಡರೆ ಆಗುವ ಉಪಯೋಗವೇ ಬೇರೆ. ಒಬ್ಬರಿಗೆ ಸತ್ತವರು ಬೇಕು, ಇನ್ನೊಬ್ಬರಿಗೆ ಪ್ರಾಣಿಗಳು, ಮತ್ತೊಬ್ಬರು ಸಂಗ್ರಹಕಾರರು, ಅವರಿಗೆ ರೇರ್ ಸಾಕು. ಒಂದು ಡಬ್ಬಿಯ ನಾಲ್ಕು ಗೊಂಬೆಗಳಲ್ಲಿ ನಿಮಗೆ ಬೇಡದ ಎರಡು ಇನ್ನೊಬ್ಬರಿಗೆ ಬೇಕಾಗಿರುತ್ತವೆ.

ಆದರೆ ಡಬ್ಬಿ ತೆರೆಯುವ ಮೊದಲೇ ಹಂಚಿಕೆಯ ನಿಯಮ ಮಾಡಿಕೊಳ್ಳಿ. ತೆರೆದ ಮೇಲೆ ಮಾಡಿದ ನಿಯಮ ಜಗಳಕ್ಕೆ ದಾರಿ. ನಮ್ಮಲ್ಲಿ ಚೆನ್ನಾಗಿ ನಡೆಯುವ ಪದ್ಧತಿ ಹೀಗೆ: ಎಲ್ಲವನ್ನೂ ತೆರೆದು ಮೇಜಿನ ಮೇಲೆ ಹರಡುತ್ತೇವೆ. ಡೈಸ್ ಎಸೆದು ಸರದಿ ನಿರ್ಧಾರ. ಮೊದಲ ಸುತ್ತು ಒಂದರಿಂದ ಐದರವರೆಗೆ, ಎರಡನೆಯ ಸುತ್ತು ಐದರಿಂದ ಒಂದಕ್ಕೆ ಹಿಂದಕ್ಕೆ, ಹೀಗೆ ಮುಗಿಯುವವರೆಗೆ. ಮೊದಲು ಆರಿಸಿದವರಿಗೆ ಎರಡನೆಯ ಸುತ್ತಿನಲ್ಲಿ ಕೊನೆಯ ಜಾಗ, ಆದ್ದರಿಂದ ಯಾರಿಗೂ ಬೇಸರವಿಲ್ಲ. ಒಂದೇ ತರಹದ ಕಾಮನ್‌ಗಳನ್ನು ಗುಂಪು ಮಾಡಿ ಒಂದೇ ಆಯ್ಕೆಯಾಗಿ ಇಡಬಹುದು, "ನಾಲ್ಕು ಗಾಬ್ಲಿನ್" ಅಂತ. ಆಗ ಡಿಎಂಗಳು ಗುಂಪು ಎತ್ತುತ್ತಾರೆ, ಸಂಗ್ರಹಕಾರರು ರೇರ್ ಎತ್ತುತ್ತಾರೆ, ಇಬ್ಬರೂ ಖುಷಿ. ಒಂದೇ ತಂಡದಲ್ಲಿ ಆಡುವವರಾದರೆ ಹಂಚದೆ ಎಲ್ಲವನ್ನೂ ಡಿಎಂ ಮನೆಯಲ್ಲೇ ಇಡುವುದೂ ಇದೆ. ಅದು ಸ್ನೇಹದ ಮೇಲೆ ಬಿಟ್ಟದ್ದು. ಯಾರಾದರೂ ಊರು ಬಿಟ್ಟು ಹೋಗುವಾಗ ಏನು ಅನ್ನುವುದನ್ನು ಮಾತಾಡಿಟ್ಟುಕೊಳ್ಳಿ.

ಭಾರತದಲ್ಲಿದ್ದು ತರಿಸುವವರಿಗೆ

ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ. ಪಾರ್ಸೆಲ್‌ನ ಸುಂಕ ಅದನ್ನು ಯಾವ ವರ್ಗಕ್ಕೆ ಸೇರಿಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ವಿದೇಶಿ ತಾಣದಲ್ಲಿ ಕಂಡ ಬೆಲೆಯನ್ನು ರೂಪಾಯಿಗೆ ಬದಲಿಸಿ "ಅಗ್ಗ ಅಲ್ವಾ" ಅಂತ ಆರ್ಡರ್ ಮಾಡಬೇಡಿ. ಸಾಗಣೆ, ಸುಂಕ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟಾಗುತ್ತದೆ ಅಂತ ಮೊದಲು ಬರೆದು ನೋಡಿ. ಇಲ್ಲಿನ ಹವ್ಯಾಸಿ ಅಂಗಡಿಯವರ ಬೆಲೆ ಜಾಸ್ತಿ ಅನ್ನಿಸಬಹುದು, ಆದರೆ ಆ ಖರ್ಚೆಲ್ಲ ಅವರ ಬೆಲೆಯಲ್ಲಿ ಆಗಲೇ ಸೇರಿದೆ.

ಇಷ್ಟು ದುಬಾರಿಯಾದ ಮೇಲೆ ಕುರುಡು ಡಬ್ಬಿಗೆ ಅರ್ಥವೇ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಬೇಡದ ಗೊಂಬೆಗೂ ಸುಂಕ ಕಟ್ಟಿದ ಹಾಗಾಗುತ್ತದೆ. ಇಲ್ಲಿಗೆ ಬಿಡಿ ಗೊಂಬೆಗಳನ್ನೇ ತರಿಸಿ.

ಅಮೆರಿಕದಿಂದ ಊರಿಗೆ ಬರುವ ಅಕ್ಕನೋ ಗೆಳೆಯನೋ ಇದ್ದರೆ ಅವರ ಅಲ್ಲಿನ ಮನೆ ವಿಳಾಸಕ್ಕೆ ಬಿಡಿ ಗೊಂಬೆಗಳನ್ನು ಆರ್ಡರ್ ಮಾಡಿ. ಒಂದೊಂದು ಗೊಂಬೆ ಕೆಲವೇ ಗ್ರಾಂ. ಒಂದು ಚಿಕ್ಕ ಜಿಪ್ ಚೀಲದಲ್ಲಿ ಇಪ್ಪತ್ತು ಹಿಡಿಸುತ್ತವೆ. ಅದೇ ಬೂಸ್ಟರ್ ಡಬ್ಬಿ ಅಂದರೆ ಒಳಗೆ ಗಾಳಿಯೇ ಜಾಸ್ತಿ, ಎಂಟು ಡಬ್ಬಿ ಸೂಟ್‌ಕೇಸ್‌ನ ಒಂದು ಮೂಲೆಯನ್ನೇ ನುಂಗುತ್ತದೆ. ಡಬ್ಬಿಯನ್ನೇ ತರಿಸುವುದಾದರೆ ಅಲ್ಲೇ ತೆರೆದು ಗೊಂಬೆಗಳನ್ನು ಮಾತ್ರ ಬಟ್ಟೆಯ ಮಧ್ಯೆ ಇಟ್ಟು ತರಲು ಹೇಳಿ. ತೆರೆಯುವ ಖುಷಿ ನಿಮಗೇ ಬೇಕು ಅಂದರೆ ವಿಡಿಯೋ ಕಾಲ್ ಮಾಡಿ ತೆರೆಸಿ.

ಮನೆಗೆ ಬಂದ ಮೇಲೆ

ಮೊದಲ ಕೆಲಸ, ಮುರಿದಿದೆಯಾ ನೋಡುವುದು. ಹೊಸ ಡಬ್ಬಿಯಲ್ಲಿ ತುಂಡಾದ ಗೊಂಬೆ ಬಂದರೆ ರಟ್ಟು, ಬಿಲ್ ಎಸೆಯಬೇಡಿ. ಅಂಗಡಿಯವರಿಗೂ ಕಂಪನಿಗೂ ಫೋಟೋ ಸಮೇತ ಬರೆಯಿರಿ, ಬದಲಿ ಕೇಳಿ.

ಕತ್ತಿ, ಈಟಿ ಬಗ್ಗಿರುವುದು ಮಾತ್ರ ಮಾಮೂಲು. ಈ ಗೊಂಬೆಗಳು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್. ಡಬ್ಬಿಯಲ್ಲಿ ಒತ್ತಿಕೊಂಡೇ ಬರುವುದರಿಂದ ಬಗ್ಗುತ್ತವೆ. ಸರಿಪಡಿಸುವುದು ಸುಲಭ. ನೀರು ಕುದಿಸಿ ಇಳಿಸಿ, ಬಗ್ಗಿದ ಭಾಗವನ್ನು ಅರ್ಧ ನಿಮಿಷ ಅದ್ದಿ. ಮೆತ್ತಗಾದ ಕೂಡಲೇ ನೇರ ಮಾಡಿ ಹಿಡಿದು, ಹಾಗೇ ಹಿಡಿದುಕೊಂಡು ಐಸ್ ನೀರಿಗೆ ಅದ್ದಿ. ಗಟ್ಟಿಯಾಗುತ್ತದೆ. ಬಿಸಿ ಮಾಡದೆ ಸುಮ್ನೆ ಕೈಯಿಂದ ತಿದ್ದಿದರೆ ಮಾರನೆಯ ದಿನ ಮತ್ತೆ ಬಗ್ಗಿರುತ್ತದೆ. ಇಕ್ಕಳ ಬಳಸಿ, ಬೆರಳು ಸುಟ್ಟುಕೊಳ್ಳಬೇಡಿ, ಮಕ್ಕಳನ್ನು ದೂರ ಇಡಿ.

ಬಣ್ಣದ ಬಗ್ಗೆ ನಿರೀಕ್ಷೆ ಮಿತಿಯಲ್ಲಿರಲಿ. ಜಾಹೀರಾತಿನ ಫೋಟೋದಲ್ಲಿ ಕಾಣುವಷ್ಟು ನಯ ಕೈಗೆ ಬಂದ ಗೊಂಬೆಯಲ್ಲಿ ಇರುವುದಿಲ್ಲ. ಕಣ್ಣು ಒಂದು ಕಡೆ ಜಾರಿರಬಹುದು, ಬೆಲ್ಟಿನ ಬಣ್ಣ ಅಂಗಿಗೆ ಹತ್ತಿರಬಹುದು. ಕಾಮನ್‌ಗಳಿಗೆ ಬಣ್ಣದ ಹಂತಗಳೂ ಕಡಿಮೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಪರಿಹಾರ ವಾಷ್. ನೀರಾದ ಕಡು ಕಂದು ಅಥವಾ ಕಪ್ಪು ಬಣ್ಣವದು, ಬಣ್ಣದ ಬ್ರ್ಯಾಂಡ್ ಸಿಟಡೆಲ್‌ನ ಆಗ್ರಾಕ್ಸ್ ಅರ್ಥ್‌ಶೇಡ್, ನುಲ್ನ್ ಆಯಿಲ್ ಇದರಲ್ಲಿ ಹೆಸರಾದವು. ಗೊಂಬೆಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಮೇಲೆಲ್ಲ ಈ ವಾಷ್ ಬಳಿಯಿರಿ. ಬಣ್ಣ ಬಟ್ಟೆಯ ಮಡಿಕೆ, ಕೂದಲ ಸಂದು, ಹೊಳ್ಳೆಯ ಗುಳಿಗಳಲ್ಲಿ ನಿಂತು ನೆರಳಾಗುತ್ತದೆ. ಆಟಿಕೆಯಂತೆ ಹೊಳೆಯುತ್ತಿದ್ದ ಓಗರ್‌ಗೆ ಹತ್ತು ನಿಮಿಷದಲ್ಲಿ ಮೈ ಬರುತ್ತದೆ. ಆಮೇಲೆ ಮ್ಯಾಟ್ ವಾರ್ನಿಷ್ ಹಚ್ಚಿದರೆ ಹೊಳಪೂ ಇಳಿಯುತ್ತದೆ. ಬಣ್ಣ ಬರುವುದಿಲ್ಲ ಅನ್ನುವವರೂ ಇಷ್ಟು ಮಾಡಬಹುದು, ಧೈರ್ಯವಾಗಿ ಒಂದು ಗಾಬ್ಲಿನ್ ಮೇಲೆ ಶುರುಮಾಡಿ. ಇದರಲ್ಲೇ ರುಚಿ ಹತ್ತಿದರೆ ವಿಜ್‌ಕಿಡ್ಸ್‌ನದೇ ನೋಲ್ಜರ್ಸ್ ಸಾಲು ಇದೆ. ಬಣ್ಣವಿಲ್ಲದ, ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ತಳದ ಲೇಪ) ಹಚ್ಚಿದ ಗೊಂಬೆಗಳು, ಒಳಗೆ ಏನಿದೆ ಅಂತ ಹೊರಗೇ ಕಾಣುತ್ತದೆ. ಆಟಗಾರರ ನಾಯಕ ಪಾತ್ರಗಳಿಗೆ ಡಬ್ಬಿಗಿಂತ ಅದೇ ಸರಿ, ಯಾಕಂದರೆ "ಕೊಡಲಿ ಹಿಡಿದ ಕುಳ್ಳ ಹೆಂಗಸು" ಅಂತ ಆಟಗಾರ್ತಿ ಕೇಳಿದ್ದು ಕುರುಡು ಡಬ್ಬಿಯಲ್ಲಿ ಬರುವುದನ್ನು ಕಾಯುತ್ತಾ ಕೂರಲು ಆಗುವುದಿಲ್ಲ.

ಇಡುವ ಜಾಗಕ್ಕೆ ಮೀನು ಹಿಡಿಯುವವರ ಗಾಳದ ಪೆಟ್ಟಿಗೆ, ಬೋಲ್ಟು ನಟ್ಟು ಇಡುವ ಖಾನೆಗಳ ಡಬ್ಬಿ, ಯಾವುದಾದರೂ ಆದೀತು. ತಳಕ್ಕೆ ತೆಳು ಫೋಮ್ ಹಾಸಿ. ಒಂದರ ಮೇಲೊಂದು ಸುರಿದರೆ ಬಣ್ಣ ಉಜ್ಜಿ ಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಎಲ್ಲ ಈಟಿಗಳೂ ಮಲಗಿರುತ್ತವೆ. ಖಾನೆಗಳನ್ನು ಸೆಟ್ ಪ್ರಕಾರ ಅಲ್ಲ, ಆಟದಲ್ಲಿ ಹುಡುಕುವ ಪ್ರಕಾರ ಮಾಡಿ: ಮನುಷ್ಯರು, ಪ್ರಾಣಿಗಳು, ಸತ್ತವರು, ಗಾಬ್ಲಿನ್ ಬಳಗ, ದೊಡ್ಡವರು. ಕಾಳಗ ಶುರುವಾದಾಗ ಆಟಗಾರರು ಕಾಯುತ್ತಿರುತ್ತಾರೆ.

ಮೊಬೈಲ್‌ನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ, ಯಾವ ಗೊಂಬೆ ಎಷ್ಟಿದೆ ಅಂತ. ಅದರ ಪಕ್ಕದಲ್ಲೇ ಇನ್ನೊಂದು, ಮುಂದಿನ ಎರಡು ತಿಂಗಳ ಆಟಕ್ಕೆ ಏನು ಬೇಕು ಅಂತ. ಅಂಗಡಿಯಲ್ಲಿ ಹೊಸ ಡಬ್ಬಿ ಕೈಗೆತ್ತಿಕೊಂಡಾಗ ಎರಡನೆಯ ಪಟ್ಟಿ ತೆರೆಯಿರಿ. ಅದರಲ್ಲಿ ಬರೀ ಮೂರು ಹೆಸರಿದ್ದರೆ ಡಬ್ಬಿ ವಾಪಸ್ ಇಟ್ಟು, ಆ ಮೂರನ್ನು ಬಿಡಿಯಾಗಿ ಆರ್ಡರ್ ಮಾಡಿ.